ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ನಮ್ಮ ಮಲೆನಾಡಿನ ವಿಡಿಯೋ ಪಾಠ: ಏನೇನಿರಬೇಕು?

ಕೊಡಚಾದ್ರಿ_ಬುಡ (ಹೊಸನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ ಕಿಡ್ನಿ ಕೆಟ್ಟು ಹೀಮೋಡಯಾಲಿಸಿಸ್, ಅಂದ್ರೆ ಮಷೀನಿನಲ್ಲಿ ರಕ್ತ ಶುದ್ಧ ಮಾಡೋದು, ನಡೀತಾ ಇದೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ವಾರದ 168 ಗಂಟೆಯಲ್ಲಿ ಮಷೀನಿನ ಪಕ್ಕ ಮಲಗೋದು 12 ಗಂಟೆ. ಉಳಿದ 156 ಗಂಟೆ ಅವರು ಮನೆಯಲ್ಲೇ, ನಮ್ಮ ಕೈಯಲ್ಲೇ. ಎಷ್ಟು ಕುಡೀಬೇಕು, ಏನು ತಿನ್ನಬಾರದು, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕೋಕೆ ಅಂತ ರಕ್ತನಾಳ ಜೋಡಿಸಿದ್ದು) ಮಾಡಿದ ಕೈಯನ್ನ ಹೇಗೆ ನೋಡ್ಕೋಬೇಕು ಅನ್ನೋದೆಲ್ಲ ಆ 156 ಗಂಟೆಗೆ ಸೇರಿದ ವಿಷಯ.

ಆಸ್ಪತ್ರೆಯಲ್ಲಿ ಹೇಳಿಕೊಡೋದಿಲ್ಲ ಅಂತಲ್ಲ. ಸಿಸ್ಟರ್‌ಗಳು ಹೇಳ್ತಾರೆ. ಆದರೆ ಒಂದು ಶಿಫ್ಟಿನವರನ್ನ ಇಳಿಸಿ ಇನ್ನೊಂದು ಶಿಫ್ಟಿನವರನ್ನ ಮಲಗಿಸೋ ಗಡಿಬಿಡಿಯಲ್ಲಿ ಹೇಳ್ತಾರೆ. ಆ ಹೊತ್ತಿಗೆ ಅಪ್ಪಯ್ಯ ಸುಸ್ತಾಗಿ ಕಣ್ಣು ಬಿಡೋ ಸ್ಥಿತಿಯಲ್ಲಿ ಇರಲ್ಲ, ನಮಗೆ ಬಸ್ಸಿನ ಚಿಂತೆ. ಅಡುಗೆ ಮಾಡೋ ಅಮ್ಮ ಅಂತೂ ಡಯಾಲಿಸಿಸ್ ಕೋಣೆಯನ್ನ ನೋಡೇ ಇಲ್ಲ. ಅಲ್ಲಿ ಹೇಳಿದ ಮಾತು ಅಮ್ಮನ ಒಲೆಯ ಹತ್ತಿರ ಬರೋವಷ್ಟರಲ್ಲಿ ಕಾಲುಭಾಗವೂ ಉಳಿದಿರಲ್ಲ.

ಅದಕ್ಕೇ ಒಂದು ಯೋಚನೆ. ಸಣ್ಣ ಸಣ್ಣ ವಿಡಿಯೋ, ಒಂದರಲ್ಲಿ ಒಂದೇ ವಿಷಯ, ನಮ್ಮ ಕಡೆಯ ಮಾತಿನಲ್ಲಿ, ನಮ್ಮ ಕಡೆಯ ಅಡುಗೆಮನೆಯಲ್ಲಿ ತೆಗೆದದ್ದು. ಅಪ್ಪಯ್ಯ ಹೋಗೋ ಕಡೆಯ ಸಿಸ್ಟರ್‌ಗಳು, ಡಾಕ್ಟ್ರು ಒಪ್ಪಿದಾರೆ, ವಿಷಯ ತಪ್ಪಿಲ್ಲದ ಹಾಗೆ ನೋಡಿಕೊಡ್ತೀವಿ ಅಂದಿದಾರೆ. ಡಯಾಲಿಸಿಸ್ ಮಾಡಿಸಿಕೊಳ್ಳೋರು, ಮನೆಯಲ್ಲಿ ನೋಡಿಕೊಳ್ಳೋರು, ಆ ಕೆಲಸದಲ್ಲಿ ಇರೋರು ದಯವಿಟ್ಟು ಹೇಳಿ: ಯಾವುದು ಮೊದಲು ಬರಬೇಕು?

ಡಯಾಲಿಸಿಸ್_ಸಿಸ್ಟರ್ (ಶಿವಮೊಗ್ಗ)

ನೀರಿನ ಪಾಠ ಮೊದಲು ಬರಲಿ. ಎರಡು ಡಯಾಲಿಸಿಸ್ ನಡುವೆ ತೂಕ ಒಂದು ಕೆಜಿ ಏರಿದೆ ಅಂದ್ರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಮೈಯಲ್ಲಿ ನಿಂತಿದೆ ಅಂತ. ಅದನ್ನ ಎಷ್ಟು ವೇಗವಾಗಿ ಬೇಕಾದ್ರೂ ತೆಗೆಯೋಕಾಗಲ್ಲ. ಮೈತೂಕದ ಒಂದೊಂದು ಕೆಜಿಗೆ ಗಂಟೆಗೆ 13 ಮಿಲಿ ದಾಟದ ಹಾಗೆ ನೋಡ್ಕೋಬೇಕು. 50 ಕೆಜಿ ಇರೋರಿಗೆ ಗಂಟೆಗೆ 650 ಮಿಲಿ, ನಾಲ್ಕು ಗಂಟೆಗೆ 2.6 ಲೀಟರ್. ಅವರು ನಾಲ್ಕೂವರೆ ಕೆಜಿ ಏರಿಸಿಕೊಂಡು ಬಂದ್ರೆ ಅಷ್ಟನ್ನೂ ಎಳೆಯೋಕೆ ಹೋದಾಗ ಬಿಪಿ ಬೀಳುತ್ತೆ, ಮೀನಖಂಡ ಸೆಟೆದುಕೊಳ್ಳುತ್ತೆ, ವಾಂತಿ ಬರುತ್ತೆ. ಬಿಟ್ಟು ಕಳಿಸಿದ್ರೆ ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತೆ.

ಆದರೆ ವಿಡಿಯೋದಲ್ಲಿ 'ನೀರು ಕಡಿಮೆ ಕುಡಿಯಿರಿ' ಅಂತ ಬರೀ ಉಪದೇಶ ಬೇಡ. ಉಪ್ಪಿನಿಂದ ಶುರು ಮಾಡಿ. ಸುಮಾರು 8 ಗ್ರಾಂ ಉಪ್ಪು ಒಳಗೆ ಹೋದ್ರೆ ಅದಕ್ಕೆ ಸರಿದೂಗಿಸೋಕೆ ದೇಹ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತೆ, ಅಷ್ಟು ಬಾಯಾರಿಕೆಯನ್ನೂ ಹುಟ್ಟಿಸುತ್ತೆ. ಉಪ್ಪು ತಿನ್ನಿಸಿ ನೀರು ಕೊಡಲ್ಲ ಅನ್ನೋದು ಹಿಂಸೆ. ದಿನಕ್ಕೆ ಒಟ್ಟು 5 ಗ್ರಾಂ ಒಳಗೆ, ಅಂದ್ರೆ ಒಂದು ಸಣ್ಣ ಚಮಚ. ಆ ಚಮಚವನ್ನ ಕ್ಯಾಮೆರಾ ಮುಂದೆ ಇಟ್ಟು ತೋರಿಸಿ.

ನೀರಿನ ಅಳತೆಗೆ ನಾವು ಹೇಳಿಕೊಡೋ ಒಂದು ಉಪಾಯ ಇದೆ. ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಅದರ ಮೇಲೆ ಸುಮಾರು 500 ಮಿಲಿ. ಇದು ಸಾಮಾನ್ಯ ಲೆಕ್ಕ, ಅವರವರ ಡಾಕ್ಟ್ರು ಹೆಚ್ಚುಕಡಿಮೆ ಮಾಡಬಹುದು. ಬೆಳಿಗ್ಗೆ ಅಷ್ಟು ನೀರನ್ನ ಒಂದು ಬಾಟಲಿಗೆ ತುಂಬಿಡಿ. ಕಾಫಿ ಕುಡಿದ್ರಾ, ಒಂದು ಲೋಟದಷ್ಟು ಬಾಟಲಿಯಿಂದ ಚೆಲ್ಲಿ. ಗಂಜಿ ಕುಡಿದ್ರಾ, ಅದಕ್ಕೂ ಚೆಲ್ಲಿ. ಬಾಟಲಿ ಖಾಲಿ ಆದ್ರೆ ಆ ದಿನದ್ದು ಮುಗೀತು. ಓದು ಬರಹ ಇಲ್ಲದವರಿಗೂ ಇದು ಕಣ್ಣಿಗೆ ಕಾಣುತ್ತೆ. ವಿಡಿಯೋಕ್ಕೆ ಹೇಳಿ ಮಾಡಿಸಿದ್ದು.

ಸೊರಬದ_ಅತ್ತಿಗೆ

ಅಡುಗೆ ಮಾಡೋರ ಕಡೆಯಿಂದ ನಾನು ಹೇಳ್ತೀನಿ. ನನ್ನ ಯಜಮಾನ್ರಿಗೆ ಡಯಾಲಿಸಿಸ್ ಶುರುವಾದಾಗ ಒಂದು ಹಾಳೆ ಕೊಟ್ಟಿದ್ರು. ಅದರಲ್ಲಿ ಬ್ರೊಕೊಲಿ, ಅವಕಾಡೊ, ಚೀಸ್ ತಿನ್ನಬೇಡಿ ಅಂತ ಇತ್ತು. ನಮ್ಮ ಮನೇಲಿ ಅದನ್ನ ತಿನ್ನೋರು ಯಾರು? ಅಪ್ಪೆಮಿಡಿ ಬಗ್ಗೆ ಒಂದು ಸಾಲು ಇರಲಿಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಹಲಸಿನ ಉಪ್ಪುಸೊಳೆ ಯಾವುದೂ ಇರಲಿಲ್ಲ. ನಮ್ಮ ಕಡೆ ಉಪ್ಪು ಒಳಗೆ ಹೋಗೋದೇ ಈ ದಾರಿಯಲ್ಲಿ. ಮಳೆಗಾಲಕ್ಕೆ ಅಂತ ಭರಣಿ ತುಂಬಿಟ್ಟುಕೊಳ್ಳೋ ಜನ ನಾವು.

ಹಾಗಾಗಿ ಅಡುಗೆ ವಿಡಿಯೋ ಮಾಡಿದ್ರೆ ಭರಣಿ ತೋರಿಸಿ ಮಾಡಿ. ಮತ್ತೆ 'ಬೇಡ' ಅನ್ನೋದರ ಪಕ್ಕದಲ್ಲೇ 'ಇದು ಆಗುತ್ತೆ' ಅಂತ ತೋರಿಸಿ, ಇಲ್ಲದಿದ್ರೆ ತಿನ್ನೋರಿಗೆ ಬದುಕೇ ಬೇಡ ಅನಿಸುತ್ತೆ. ಉಪ್ಪು ಕಡಿಮೆ ಮಾಡಿ ಲಿಂಬೆಹುಳಿ, ಕಾಳುಮೆಣಸು, ಬೆಳ್ಳುಳ್ಳಿ ಒಗ್ಗರಣೆ ಮುಂದೆ ಮಾಡಿದ್ರೆ ನಾಲಿಗೆ ನಿಧಾನಕ್ಕೆ ಒಗ್ಗುತ್ತೆ. ನೀರುದೋಸೆ ಆಗುತ್ತೆ, ಕಾಯಿಚಟ್ನಿ ಸ್ವಲ್ಪವೇ. ಹಣ್ಣು ಬೇಕು ಅಂದಾಗ ಬಾಳೆಹಣ್ಣು, ಹಲಸಿನ ತೊಳೆ ಬದಲು ಅನಾನಸ್ ಎರಡು ಹೋಳು ಕೊಡಿ ಅಂದ್ರು ಡಯಟಿಷಿಯನ್ ಮೇಡಂ. ಬನವಾಸಿ ಕಡೆ ಅನಾನಸ್ಸಿಗೆ ಏನು ಕೊರತೆ!

ತರಕಾರಿಯನ್ನ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಒಂದೆರಡು ತಾಸು ನೆನೆಸಿ, ಬೇರೆ ನೀರಲ್ಲಿ ಬೇಯಿಸಿ ಆ ನೀರನ್ನೂ ಬಸಿದು ಚೆಲ್ಲಬೇಕು. ಕಿಡ್ನಿ ಕೆಟ್ಟವರ ಮೈಯಲ್ಲಿ ಏರಿ ಎದೆ ಬಡಿತ ತಪ್ಪಿಸೋ ಪೊಟ್ಯಾಸಿಯಂ ಇದರಿಂದ ಪೂರ್ತಿ ಹೋಗಲ್ಲ, ಬಹಳಷ್ಟು ಕಡಿಮೆ ಆಗುತ್ತೆ. ಕಟ್ಟನ್ನ ಸಾರಿಗೆ ಹಾಕೋ ಅಭ್ಯಾಸ ನಮ್ಮದು. ಬಸಿದ ನೀರನ್ನ ನಿಜವಾಗಿ ಚೆಲ್ಲೋದನ್ನ ಕಣ್ಣಾರೆ ತೋರಿಸದೇ ಇದ್ರೆ ಯಾವ ಅಜ್ಜಿಯೂ ಚೆಲ್ಲಲ್ಲ.

ಡಯಾಲಿಸಿಸ್_ಸಿಸ್ಟರ್ (ಶಿವಮೊಗ್ಗ)

ಅತ್ತಿಗೆ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ. 'ಕಡಿಮೆ ಸೋಡಿಯಂ ಉಪ್ಪು' ಅಂತ ಪೊಟ್ಟಣದಲ್ಲಿ ಬರೋದನ್ನ ಒಳ್ಳೇದು ಅಂದ್ಕೊಂಡು ತಂದುಬಿಡ್ತಾರೆ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ಡಯಾಲಿಸಿಸ್‌ನವರಿಗೆ ಅದು ಅಪಾಯ.

ಇನ್ನೊಂದು ದಾರೆಹುಳಿ. ಕೆಲವರು ಕಮರಾಕ್ಷಿ ಅಂತಾರೆ. ಹಿತ್ತಲಲ್ಲೇ ಬೆಳೆಯುತ್ತೆ, ಉಪ್ಪು ಹಚ್ಚಿ ತಿಂತಾರೆ, ಗೊಜ್ಜು ಮಾಡ್ತಾರೆ. ಕಿಡ್ನಿ ಕೆಟ್ಟವರಿಗೆ ಅದು ಅಕ್ಷರಶಃ ವಿಷ. ಅದರಲ್ಲಿರೋ ವಿಷಕಾರಿ ಅಂಶ ಹೊರಗೆ ಹೋಗದೆ ಮಿದುಳಿಗೆ ಏರುತ್ತೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್, ಜೀವಕ್ಕೇ ಕುತ್ತು. ಒಂದು ಹೋಳೂ ಬೇಡ. ಇದಕ್ಕೆ ಅಂತಲೇ ಅರ್ಧ ನಿಮಿಷದ ವಿಡಿಯೋ ಮಾಡಿ, ಹಣ್ಣನ್ನ ಅಡ್ಡ ಕೊಯ್ದು ನಕ್ಷತ್ರದ ಆಕಾರ ತೋರಿಸಿ.

ಶರಾವತಿ_ಹಿನ್ನೀರು (ತುಮರಿ ಕಡೆ)

ನನಗೆ ಅನುಮಾನ ಇದೆ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ನೆಟ್‌ವರ್ಕ್ ಸಿಗಬೇಕಾದ್ರೆ ಗುಡ್ಡ ಹತ್ತಬೇಕು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಲಾಂಚ್ ಕಾಯೋ ಕಷ್ಟ ತಪ್ಪಿತು, ಡಯಾಲಿಸಿಸ್ಸಿಗೆ ಹೋಗಿ ಬರೋರಿಗೆ ಅದೇ ದೊಡ್ಡ ಪುಣ್ಯ. ಆದ್ರೆ ವಿಡಿಯೋ ಲಿಂಕ್ ಕಳಿಸಿದ್ರೆ ಅದು ಸುತ್ತುತ್ತಾ ಕೂರುತ್ತೆ ಅಷ್ಟೇ.

ಎರಡನೇದು, ವಿಡಿಯೋ ಎಂಬುದೇ ಈಗ ನಂಬಿಕೆ ಕಳ್ಕೊಂಡಿದೆ. ನನ್ನ ಮಾವನಿಗೆ ಯಾರೋ ಒಂದು ವಿಡಿಯೋ ಕಳಿಸಿದ್ರು, ಯಾವುದೋ ಬೇರಿನ ಕಷಾಯ ಕುಡಿದ್ರೆ ಡಯಾಲಿಸಿಸ್ಸೇ ಬೇಡ ಅಂತ. ಮಾವ ಹೋಗೋದನ್ನ ನಿಲ್ಲಿಸಿಬಿಟ್ರು. ಮೈಯೆಲ್ಲ ಊದಿ, ಉಸಿರು ಕಟ್ಟಿ, ರಾತ್ರೋರಾತ್ರಿ ಸಾಗರಕ್ಕೆ ಕರಕೊಂಡು ಹೋಗಿ ಉಳಿಸಿಕೊಂಡಿದೀವಿ. ಅದೂ ಕನ್ನಡದಲ್ಲೇ ಇತ್ತು, ಬಿಳಿ ಕೋಟು ಹಾಕಿದವರೇ ಮಾತಾಡಿದ್ರು. ನಿಮ್ಮ ವಿಡಿಯೋ ಅದಕ್ಕಿಂತ ಬೇರೆ ಅಂತ ಮಾವನಿಗೆ ಗೊತ್ತಾಗೋದು ಹೇಗೆ?

ಕಲಿಸೋ_ಕೆಲಸ (ಶಿವಮೊಗ್ಗ)

ನಾನು ನರ್ಸಿಂಗ್ ಪಾಠ ಮಾಡುವವಳು. ಹಿನ್ನೀರಿನವರ ಪ್ರಶ್ನೆ ಬಹಳ ಮುಖ್ಯ, ಉತ್ತರ ಕೊಡಲೇಬೇಕು.

ವಿಡಿಯೋ ನೋಡಿದ ರೋಗಿಗಳ ತಿಳಿವಳಿಕೆ, ತಮ್ಮನ್ನು ತಾವು ನೋಡಿಕೊಳ್ಳುವ ಧೈರ್ಯ ಹೆಚ್ಚುತ್ತದೆ ಎಂದು ಹಲವು ದೇಶಗಳ ನರ್ಸಿಂಗ್ ಅಧ್ಯಯನಗಳು ತೋರಿಸಿವೆ. ಆದರೆ ಬಹುಪಾಲು ಕಡೆ ವಿಡಿಯೋ ಒಂದೇ ಇರಲಿಲ್ಲ, ಜೊತೆಗೆ ಮಾತಾಡುವ ಮನುಷ್ಯರೂ ಇದ್ದರು. ಇದನ್ನು ಮರೆತು 'ಲಿಂಕ್ ಕಳಿಸಿದ್ದೇವೆ, ಕೆಲಸ ಮುಗಿಯಿತು' ಎಂದುಕೊಂಡರೆ ಏನೂ ಬದಲಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ವಿಡಿಯೋ ತೋರಿಸಬೇಕಾದ ಜಾಗ ಡಯಾಲಿಸಿಸ್ ಹಾಸಿಗೆಯೇ. ಮೊದಲ ಗಂಟೆ, ಒಂದೂವರೆ ಗಂಟೆಯೊಳಗೆ. ಕೊನೆಯ ಗಂಟೆಗೆ ಅವರು ದಣಿದಿರುತ್ತಾರೆ. ಮೂರು ನಿಮಿಷ ನೋಡಲಿ, ಆಮೇಲೆ ಸಿಸ್ಟರ್ ಒಂದೇ ಮಾತು ಕೇಳಲಿ: 'ಮನೆಗೆ ಹೋಗಿ ಇದನ್ನ ಹೇಗೆ ಮಾಡ್ತೀರಿ, ನನಗೆ ತೋರಿಸಿ.' 'ಅರ್ಥ ಆಯ್ತಾ' ಎಂದು ಕೇಳಬಾರದು. ನಮ್ಮ ಜನ ಮರ್ಯಾದೆಗೆ ಹ್ಞೂಂ ಅಂದುಬಿಡುತ್ತಾರೆ. ತೋರಿಸಿ ಎಂದಾಗ ಎಲ್ಲಿ ತಪ್ಪಿದೆ ಎಂಬುದು ಗೊತ್ತಾಗುತ್ತದೆ, ಆ ತಪ್ಪು ನಮ್ಮ ವಿಡಿಯೋದ್ದು ಎಂದು ತಿಳಿದು ವಿಡಿಯೋ ತಿದ್ದಬೇಕು.

ನಂಬಿಕೆಯ ವಿಷಯ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ವಿವರಿಸಿದ್ದರು: ತನ್ನಂಥವರೇ ಒಂದು ಕೆಲಸ ಮಾಡಿ ಗೆದ್ದದ್ದನ್ನು ಕಂಡಾಗ ಮನುಷ್ಯನಿಗೆ 'ನನ್ನಿಂದಲೂ ಆದೀತು' ಎನಿಸುತ್ತದೆ. ಹಾಗಾಗಿ ಪರದೆಯ ಮೇಲೆ ಬಿಳಿ ಕೋಟು ಬೇಡ. ಅದೇ ಕೋಣೆಯಲ್ಲಿ, ಪಕ್ಕದ ಹಾಸಿಗೆಯಲ್ಲಿ ಮಲಗುವವರು ಮಾತಾಡಲಿ. ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮುಖ ಬೇಡ ಎಂದರೆ ಕೈ ಮಾತ್ರ ತೋರಿಸಿ. ಹಿಂದೆ ಮಲಗಿರುವ ಬೇರೆ ರೋಗಿಗಳು ಚಿತ್ರದಲ್ಲಿ ಬರಬಾರದು.

ತೋಟದ_ಮನೆ (ತೀರ್ಥಹಳ್ಳಿ)

ಮಾತಾಡೋಕೆ ನಾನಿದೀನಿ ಮಾರಾಯ್ರೆ. ಎಡಗೈಯಲ್ಲಿ ಫಿಸ್ಟುಲಾ, ಅಡಿಕೆ ತೋಟ ಇದೆ, ಕೊನೆಕೊಯ್ಲಿನ ಸಮಯದಲ್ಲೂ ಡಯಾಲಿಸಿಸ್ ತಪ್ಪಿಸಿಲ್ಲ.

ಫಿಸ್ಟುಲಾ ಬಗ್ಗೆ ನಾನು ಹೇಳೋದೇ ಬೇರೆ ರೀತಿ. ಕೈಯ ಶುದ್ಧ ರಕ್ತನಾಳವನ್ನ ಅಶುದ್ಧ ರಕ್ತನಾಳಕ್ಕೆ ಜೋಡಿಸಿರ್ತಾರೆ, ಅದು ಬಲಿಯೋಕೆ ಆರೆಂಟು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿ ತನಕ ಚೆಂಡು ಹಿಸುಕ್ತಾ ಇರಿ ಅಂತಾರೆ. ಬಲಿತ ಮೇಲೆ ಅದರ ಮೇಲೆ ಬೆರಳಿಟ್ರೆ ಜುಮ್ಮ್ ಅಂತ ಗೊತ್ತಾಗುತ್ತೆ. ಪಂಪ್‌ಸೆಟ್ ಓಡ್ತಿರುವಾಗ ಪೈಪಿನ ಮೇಲೆ ಕೈ ಇಟ್ಟ ಹಾಗೆ. ನಾನು ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗೋ ಮುಂಚೆ ಮುಟ್ಟಿ ನೋಡ್ತೀನಿ. ಜುಮ್ಮ್ ನಿಂತಿತು ಅಂದ್ರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಅನುಮಾನ ಪಡಬೇಕು. ನಾಳೆ ಹೋಗೋಣ ಅನ್ನಬಾರದು, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಬೇಗ ಹೋದ್ರೆ ಉಳಿಸೋ ಅವಕಾಶ ಇದೆ.

ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಿಕೊಳ್ಳಬಾರದು, ಸೂಜಿ ಚುಚ್ಚಿಸಿಕೊಳ್ಳಬಾರದು, ಗ್ಲೂಕೋಸ್ ಹಾಕಿಸಿಕೊಳ್ಳಬಾರದು. ಗಡಿಯಾರ, ಬಿಗಿ ಬಳೆ, ಬಿಗಿ ತೋಳಿನ ಅಂಗಿ ಬೇಡ. ತಲೆಯಡಿ ಹಾಕಿಕೊಂಡು ಮಲಗಬಾರದು. ಅಡಿಕೆ ಮೂಟೆ ಎತ್ತೋದಂತೂ ಬೇಡವೇ ಬೇಡ. ಊರಿನ ಕ್ಲಿನಿಕ್ಕಿನಲ್ಲಿ ಜ್ವರಕ್ಕೆ ಅಂತ ಹೋದಾಗ ಕಾಂಪೌಂಡರ್ ಅದೇ ಕೈ ಹಿಡಿದ್ರೆ ಸಂಕೋಚ ಬಿಟ್ಟು ಹೇಳಿ: 'ಈ ಕೈ ಬೇಡ, ಇದರಲ್ಲೇ ನನ್ನ ಉಸಿರಿದೆ.' ಹಾಗೆ ಹೇಳೋದನ್ನೇ ವಿಡಿಯೋದಲ್ಲಿ ಆಡಿ ತೋರಿಸ್ತೀನಿ. ದೊಡ್ಡವರಿಗೆ ಎದುರು ಮಾತಾಡೋಕೆ ಹೆದರೋ ಜನಕ್ಕೆ ಅದನ್ನ ಕಲಿಸಬೇಕು.

ಮಷೀನ್_ಪಕ್ಕ (ಭದ್ರಾವತಿ)

ಟೆಕ್ನಿಷಿಯನ್ ನಾನು. ತೋಟದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. 1966ರಲ್ಲಿ ನ್ಯೂಯಾರ್ಕಿನಲ್ಲಿ ಬ್ರೆಸಿಯಾ, ಸಿಮಿನೋ, ಆಪೆಲ್ ಈ ಫಿಸ್ಟುಲಾ ವಿಧಾನ ಪ್ರಕಟಿಸಿದ್ರು. ಅದಾದ ಮೇಲೆ ಇವತ್ತಿನ ತನಕ ಇದಕ್ಕಿಂತ ಒಳ್ಳೆ ದಾರಿ ಬಂದಿಲ್ಲ. ಅಷ್ಟು ಬೆಲೆಯುಳ್ಳದ್ದು ನಿಮ್ಮ ಕೈಯಲ್ಲಿದೆ.

ನನ್ನ ಬೇಡಿಕೆ: ರಕ್ತ ಸೋರಿದಾಗ ಏನು ಮಾಡಬೇಕು ಅನ್ನೋದರ ವಿಡಿಯೋ. ಮನೆಗೆ ಹೋದ ಮೇಲೆ ಸೂಜಿ ಹಾಕಿದ ಜಾಗದಿಂದ ರಕ್ತ ಬಂದ್ರೆ ಜನ ಗಾಬರಿಯಿಂದ ದಪ್ಪ ಟವೆಲ್ ಸುತ್ತಿ ಕೂತುಬಿಡ್ತಾರೆ. ಟವೆಲ್ ರಕ್ತ ಹೀರುತ್ತೆ, ಒತ್ತಡ ಬೀಳಲ್ಲ, ಎಷ್ಟು ಹೋಗ್ತಿದೆ ಅಂತಲೂ ಕಾಣಲ್ಲ. ಶುದ್ಧ ಬಟ್ಟೆ ಅಥವಾ ಗಾಜ್ ಸಣ್ಣದಾಗಿ ಮಡಚಿ, ಸೋರೋ ಜಾಗದ ಮೇಲೇ ಇಟ್ಟು, ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕು. ಕೈ ಎದೆಗಿಂತ ಮೇಲೆ. ಪದೇ ಪದೇ ತೆಗೆದು ನೋಡಬಾರದು. ಚಿಮ್ಮಿ ಬರ್ತಿದ್ರೆ ಕೂಡಲೇ 108ಕ್ಕೆ ಫೋನ್, ಒತ್ತಿದ ಬೆರಳು ಹಾಗೇ ಇರಲಿ. ಮನೆಯವರು ಎಲ್ಲರೂ, ಹತ್ತನೇ ಕ್ಲಾಸಿನ ಮಗುವೂ ನೋಡಿಕೊಂಡಿರಬೇಕಾದ ವಿಡಿಯೋ ಇದು. ಕೆಂಪು ಬಣ್ಣ ಸುರಿದು ಹೆದರಿಸಬೇಡಿ, ಬೆರಳು ಎಲ್ಲಿ ಇಡಬೇಕು ಅನ್ನೋದು ಕಂಡ್ರೆ ಸಾಕು.

ಫಿಸ್ಟುಲಾ ಬದಲು ಕುತ್ತಿಗೆಯಲ್ಲಿ ಡಯಾಲಿಸಿಸ್ ಪೈಪ್ ಇರೋರಿಗೆ ಬೇರೆ ವಿಡಿಯೋ ಬೇಕು. ಮಳೆಯಲ್ಲಿ ನೆನೆದು ಬಂದ ಡ್ರೆಸಿಂಗ್ ನೋಡಿದ್ರೆ ನನಗೆ ಎದೆ ಝಲ್ ಅನ್ನುತ್ತೆ. ಅಲ್ಲಿಂದ ಸೋಂಕು ನೇರ ರಕ್ತಕ್ಕೆ. ಆ ಜಾಗ ಒಣಗಿರಬೇಕು, ತಲೆ ಮೇಲೆ ನೀರು ಹುಯ್ಕೊಳ್ಳಬಾರದು, ಮುಚ್ಚಳ ಮುಟ್ಟಬಾರದು. ಚಳಿ ಹತ್ತಿ ನಡುಗಿ ಜ್ವರ ಬಂತು ಅಂದ್ರೆ ಮಾತ್ರೆ ನುಂಗಿ ಮಲಗೋದಲ್ಲ, ಆವತ್ತೇ ಬರಬೇಕು.

ಶರಾವತಿ_ಹಿನ್ನೀರು (ತುಮರಿ ಕಡೆ)

ಹಾಸಿಗೆಯಲ್ಲೇ ತೋರಿಸೋದು, ತೋಟದ ಮನೆಯವರು ಮಾತಾಡೋದು ಆದ್ರೆ ನನ್ನ ಎರಡನೇ ಅನುಮಾನ ಹೋಯ್ತು. ಮಾವ ಅವರನ್ನ ನಂಬ್ತಾರೆ. ನೆಟ್‌ವರ್ಕ್ ವಿಷಯಕ್ಕೆ ನಾನೇ ದಾರಿ ಹೇಳ್ತೀನಿ. ಆಸ್ಪತ್ರೆಯಲ್ಲೇ ಎಲ್ಲ ವಿಡಿಯೋ ಮೊಬೈಲಿಗೆ ಹಾಕಿಕೊಡಿ, ಮೆಮೊರಿ ಕಾರ್ಡಿನಲ್ಲಿ ಅಥವಾ ಬ್ಲೂಟೂತಲ್ಲಿ. ಮನೆಗೆ ಬಂದ ಮೇಲೆ ನೆಟ್ ಬೇಕಾಗಬಾರದು. ಒಂದೊಂದು ವಿಡಿಯೋ ಸಣ್ಣ ಗಾತ್ರದಲ್ಲಿ ಇರಲಿ. ಕಿವಿ ಮಂದ ಇರೋರಿಗೆ ಕೆಳಗೆ ದಪ್ಪ ಅಕ್ಷರ, ಓದೋಕೆ ಬಾರದವರಿಗೆ ನಿಧಾನದ ದನಿ.

ಆದ್ರೆ ಮಳೆಗಾಲದ್ದು ಬಿಟ್ಟೇ ಹೋಗಿದೆಯಲ್ಲ! ಜುಲೈನಲ್ಲಿ ರಸ್ತೆ ಮೇಲೆ ಮರ ಬಿದ್ದು, ಹಳ್ಳ ಏರಿ, ಹೋಗೋಕೇ ಆಗದೇ ಇದ್ರೆ?

ಡಯಾಲಿಸಿಸ್_ಸಿಸ್ಟರ್ (ಶಿವಮೊಗ್ಗ)

ಇದು ನಮ್ಮ ಕಡೆಯವರಿಗೆ ಬಿಟ್ಟು ಬೇರೆ ಯಾರಿಗೂ ಹೊಳೆಯದ ವಿಡಿಯೋ. ಮಾಡಲೇಬೇಕು.

ಡಯಾಲಿಸಿಸ್ ನಡುವೆ ಅಂತರ ಉದ್ದ ಆದಷ್ಟೂ ಅಪಾಯ. ಎಲ್ಲ ಸರಿ ಇರೋ ವಾರದಲ್ಲೂ ಎರಡು ದಿನದ ಬಿಡುವು ಬರುತ್ತಲ್ಲ, ಅದರ ಕೊನೆಯಲ್ಲೇ ಹೃದಯದ ತೊಂದರೆ ಹೆಚ್ಚು. ನೀರು ಏರಿದ್ರೆ ಊತ, ಉಬ್ಬಸ ಅಂತ ಗೊತ್ತಾದರೂ ಆಗುತ್ತೆ. ಪೊಟ್ಯಾಸಿಯಂ ಏರೋದು ಎಷ್ಟೋ ಸಲ ಗೊತ್ತೇ ಆಗಲ್ಲ. ಕಾಲು ಸೋತು ಬರೋದು, ಎದೆ ಬಡಿತ ತಪ್ಪೋದು ಕಂಡಾಗ ಸಮಯ ಬಹಳ ಕಡಿಮೆ ಉಳಿದಿರುತ್ತೆ.

ಹಾಗಾಗಿ ಮಳೆ ಜೋರಾಗೋ ಸೂಚನೆ ಇದ್ದಾಗಲೇ ಫೋನ್ ಮಾಡಿ ಒಂದು ದಿನ ಮುಂಚೆ ಬರೋಕಾಗುತ್ತಾ ಕೇಳಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಜಾಗ ಇದೆಯಾ ವಿಚಾರಿಸ್ತೀವಿ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಗಿದ್ದೇ ಬಡವರಿಗೆ ಉಚಿತವಾಗಿ, ಜಿಲ್ಲಾ ಮಟ್ಟದಲ್ಲಿ ಸಿಗಲಿ ಅಂತ. ಕೊನೆಯ ರಿಪೋರ್ಟ್, ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ) ಬರೆದ ಚೀಟಿ, ಮಾತ್ರೆಗಳ ಪಟ್ಟಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿರಿ, ಬೇರೆ ಕಡೆ ಹೋದಾಗ ಅವರಿಗೆ ಬೇಕು. ಮನೆಯಲ್ಲೇ ಸಿಕ್ಕಿಹಾಕಿಕೊಂಡ್ರೆ ನೀರು ಇನ್ನೂ ಬಿಗಿ, ಹಣ್ಣು ಸೊಪ್ಪು ಪೂರ್ತಿ ನಿಲ್ಲಿಸಿ ಬಿಳಿ ಅನ್ನ, ನೀರುದೋಸೆ. ಮತ್ತೆ ನಮಗೆ ಫೋನ್ ಮಾಡಿ. ರಾತ್ರಿಯಾದರೂ ಮಾಡಿ.

ಸೊರಬದ_ಅತ್ತಿಗೆ

ಇನ್ನೊಂದು ಮಾತು, ನೆಂಟರಿಗೂ ಒಂದು ವಿಡಿಯೋ ಬೇಕು. ಹುಷಾರಿಲ್ಲದವರನ್ನ ನೋಡೋಕೆ ಬರೋರು ಪ್ರೀತಿಯಿಂದ ತರೋದೇನು? ಎಳನೀರು, ಬಾಳೆಹಣ್ಣು, ಮೂಸಂಬಿ. ಮೂರೂ ಪೊಟ್ಯಾಸಿಯಂ. ಬೇಡ ಅಂದ್ರೆ ಅವರ ಮನಸ್ಸಿಗೆ ನೋವು, ಕುಡಿಸಿದ್ರೆ ಇವರ ಜೀವಕ್ಕೆ ಕಷ್ಟ. ಅದರ ನಡುವೆ ನಿಂತು ಒದ್ದಾಡೋದು ಮನೆಯ ಹೆಂಗಸರು. ಒಂದು ನಿಮಿಷದ ವಿಡಿಯೋ, 'ಬರುವಾಗ ಏನೂ ತರಬೇಡಿ, ಬಂದು ಮಾತಾಡಿ ಹೋಗಿ' ಅಂತ. ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ರೆ ನಾವು ಬಾಯಿಬಿಟ್ಟು ಹೇಳೋ ಕಷ್ಟ ತಪ್ಪುತ್ತೆ.

ಕಲಿಸೋ_ಕೆಲಸ (ಶಿವಮೊಗ್ಗ)

ಅತ್ತಿಗೆ, ಇದು ನಮ್ಮ ಯಾವ ಪಠ್ಯದಲ್ಲೂ ನಾನು ಕಾಣದ ಪಾಠ. ಖಂಡಿತ ಸೇರಿಸೋಣ. ರಂಜಕವನ್ನು (ಫಾಸ್ಫರಸ್) ಕಡಿಮೆ ಮಾಡುವ ಮಾತ್ರೆಯದ್ದೂ ಒಂದಿರಲಿ: ಅದನ್ನು ಊಟದ ಜೊತೆಗೇ ನುಂಗಬೇಕು, ಆಗಲೇ ಊಟದಲ್ಲಿರುವ ರಂಜಕವನ್ನು ಅದು ಹಿಡಿದುಕೊಳ್ಳುವುದು. ಖಾಲಿ ಹೊಟ್ಟೆಗೆ ನುಂಗಿದರೆ ಆ ಕೆಲಸ ಆಗುವುದಿಲ್ಲ.

ಕೊಡಚಾದ್ರಿ_ಬುಡ (ಹೊಸನಗರ)

ಎಲ್ಲರಿಗೂ ಕೈಮುಗಿದು ವಂದನೆ. ಇಷ್ಟು ವಿಷಯ ಒಂದೇ ಕಡೆ ಸಿಗುತ್ತೆ ಅಂತ ಎಣಿಸಿರಲಿಲ್ಲ.

ಮೊದಲು ಎರಡು ತೆಗೀತೀವಿ: ತೋಟದ ಮನೆಯವರ ಫಿಸ್ಟುಲಾ ಕೈ, ಮತ್ತೆ ರಕ್ತ ಸೋರಿದಾಗ ಒತ್ತೋದು. ತಡವಾದ್ರೆ ಜೀವಕ್ಕೆ ಕುತ್ತು ತರೋವು ಅವೇ. ಆಮೇಲೆ ಬಾಟಲಿ ಲೆಕ್ಕ, ಭರಣಿ, ದಾರೆಹುಳಿ. ಮಳೆಗಾಲದ್ದು ಮೇ ಮುಗಿಯೋದರೊಳಗೆ ಎಲ್ಲರ ಮೊಬೈಲಿನಲ್ಲಿ ಇರಬೇಕು. ತೆಗೆದದ್ದನ್ನ ಮೊದಲು ಡಾಕ್ಟ್ರು ನೋಡಲಿ, ಆಮೇಲೆ ಅಮ್ಮ ನೋಡಲಿ. ಅಮ್ಮನಿಗೆ ತಿಳಿಯದ ಜಾಗವನ್ನ ಮತ್ತೆ ತೆಗೀತೀವಿ.

ತೋಟದ ಅಣ್ಣ, ನೀವು ಯಾವ ದಿನದ ಶಿಫ್ಟ್? ಸೂಜಿ ಹಾಕೋ ಮುಂಚೆ ಕೈ ಸೋಪು ಹಚ್ಚಿ ತೊಳೆಯೋದನ್ನೂ ಅಲ್ಲೇ ಸಿಂಕಿನ ಹತ್ತಿರ ತೆಗೆಯೋಣ ಅಂತ.

ತೋಟದ_ಮನೆ (ತೀರ್ಥಹಳ್ಳಿ)

ಮಂಗಳವಾರ, ಗುರುವಾರ, ಶನಿವಾರ, ಬೆಳಗಿನ ಶಿಫ್ಟ್. ಗುರುವಾರ ಬನ್ನಿ, ಆವತ್ತು ಜನ ಸ್ವಲ್ಪ ಕಡಿಮೆ. ಕ್ಲಿನಿಕ್ಕಿನ ಕಾಂಪೌಂಡರ್ ಪಾತ್ರಕ್ಕೆ ನನ್ನ ತಮ್ಮನನ್ನ ಕರಕೊಂಡು ಬರ್ತೀನಿ.